ಸೈರನ್ ಕೂಗಿದ್ರೂ ಕ್ರಾಸ್‌ನಲ್ಲಿ ನಿಧಾನ

ಡಿ. ಹಿರೇಹಾಳ್: ಸರಿರಾತ್ರಿ ಹೆರಿಗೆ ನೋವು, ಎದೆನೋವು ಬಂದರೆ ಗಡಿಯ ಹಳ್ಳಿಗಳಲ್ಲಿ ಮೊದಲು ನೆನಪಾಗುವುದು 108. ಆಂಧ್ರದಲ್ಲಿ 2005ರಲ್ಲಿ, ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಸೇವೆಯಿದು. ಗಾಡಿ ಹತ್ತಿದ ಮನೆಯವರ ಬಾಯಲ್ಲಿ ಒಂದೇ ಮಾತು: ‘ಜಲ್ದಿ ಹೊಡಿಯಪ್ಪಾ!’

ಆದರೆ ಅವಸರಕ್ಕೂ ಮಿತಿಯುಂಟು. 2017ರ ವಾಹನ ಚಾಲನಾ ನಿಯಮಗಳು ತುರ್ತು ವಾಹನಕ್ಕೆ ಕೆಂಪು ದೀಪ, ವೇಗಮಿತಿಯಿಂದ ವಿನಾಯಿತಿ ಕೊಟ್ಟಿವೆ. ಎಚ್ಚರ ತಪ್ಪುವಂತಿಲ್ಲ ಎಂದೂ ಹೇಳಿವೆ.

ಗಾಜು ಏರಿಸಿ ಹಾಡು ಹಾಕಿಕೊಂಡ ಲಾರಿ ಚಾಲಕನಿಗೆ ಸೈರನ್ ಕೇಳದೇ ಇರಬಹುದು. ಕ್ರಾಸ್‌ನಲ್ಲಿ ವೇಗ ತಗ್ಗಿಸಿ, ಎರಡೂ ಕಡೆಯ ವಾಹನ ನಿಂತದ್ದು ನೋಡಿಯೇ ದಾಟಬೇಕು. ಮುಂದಿನ ಗಾಡಿಗೆ ಅಂಟಿಕೊಂಡು ಹೋದರೆ ಬ್ರೇಕ್ ಹೊಡೆದಾಗ ಪೆಟ್ಟು ಬೀಳುವುದು ಒಳಗಿನ ರೋಗಿಗೇ.

ದಾರಿ ಬಿಡುವುದು ಉಳಿದವರ ಹೊಣೆ. ತಪ್ಪಿದರೆ 2019ರ ತಿದ್ದುಪಡಿಯಂತೆ 6 ತಿಂಗಳವರೆಗೆ ಜೈಲು, ಇಲ್ಲವೇ 10 ಸಾವಿರ ರೂ. ದಂಡ, ಅಥವಾ ಎರಡೂ.

ಎರಡು ನಿಮಿಷ ತಡ ಆದ್ರೂ ಆಂಬ್ಯುಲೆನ್ಸ್ ಆಸ್ಪತ್ರೆ ಮುಟ್ಟಬೇಕು. ದಾರಿಯಲ್ಲೇ ಅದು ಉರುಳಿದ್ರೆ ರೋಗಿಗೆ ಮತ್ತ್ಯಾವ ಗಾಡಿ?