ರಾಕ್ ಬ್ಯಾಂಡ್ ಅಂದ್ರೆ ಬರೀ ಗದ್ದಲ ಅಲ್ಲ: ಎನ್‌ಎಚ್‌7 ವೀಕೆಂಡರ್ ವೇದಿಕೆ ಏರಿದ 5 ತಂಡಗಳ ಪರಿಚಯ ಇಲ್ಲಿದೆ

ಗಣೇಶನ ಹಬ್ಬ ಇರಲಿ, ರಾಜ್ಯೋತ್ಸವ ಇರಲಿ, ನಮ್ಮ ತಾಲ್ಲೂಕಿನಲ್ಲಿ ಸಂಜೆ ಕಾರ್ಯಕ್ರಮ ಅಂದ್ರೆ ಆರ್ಕೆಸ್ಟ್ರಾ. ಕೀಬೋರ್ಡ್, ರಿದಮ್ ಪ್ಯಾಡ್, ಇಬ್ಬರು ಗಾಯಕರು. ಹಾಡೋದೆಲ್ಲ ಸಿನಿಮಾ ಹಾಡು. ಜನ ಕೇಳೋದೂ ಅದನ್ನೇ, ಚಂದಾ ಕೊಡುವ ಅಂಗಡಿಯವರು ಬಯಸೋದೂ ಅದನ್ನೇ. ಆದರೆ ಸ್ವಂತ ಹಾಡುಗಳನ್ನೇ ನಂಬಿಕೊಂಡು ಸಾವಿರಾರು ಜನರನ್ನು ಸೇರಿಸುವ ತಂಡಗಳೂ ನಮ್ಮ ದೇಶದಲ್ಲಿವೆ. ಅವುಗಳಲ್ಲಿ ಕೆಲವು ನಮ್ಮ ರಾಜ್ಯದವೇ.

ಇಂಥ ತಂಡಗಳಿಗೆ ದೊಡ್ಡ ವೇದಿಕೆ ಕೊಟ್ಟಿದ್ದು ಎನ್‌ಎಚ್‌7 ವೀಕೆಂಡರ್ ಎಂಬ ಸಂಗೀತ ಹಬ್ಬ. 2010ರಲ್ಲಿ ಪುಣೆಯಲ್ಲಿ ಶುರುವಾದ ಇದು ಮುಂದೆ ಬೆಂಗಳೂರು, ದಿಲ್ಲಿ, ಕೋಲ್ಕತ್ತಾ, ಶಿಲ್ಲಾಂಗ್‌ವರೆಗೂ ಹೋಯಿತು.

ಹಬ್ಬ ನಡೆಯೋದು ಹೇಗೆ?

ನಮ್ಮ ಜಾತ್ರೆ ನೆನಪಿಸಿಕೊಳ್ಳಿ. ಒಂದು ಕಡೆ ನಾಟಕ, ಇನ್ನೊಂದು ಕಡೆ ಕುಸ್ತಿ, ಮಧ್ಯೆ ತಿಂಡಿ ಅಂಗಡಿ. ಇಲ್ಲೂ ಹಾಗೇ. ಒಂದೇ ಮೈದಾನದಲ್ಲಿ ಹಲವು ವೇದಿಕೆ, ಒಂದೇ ಹೊತ್ತಿಗೆ ಬೇರೆ ಬೇರೆ ತಂಡ. ಟಿಕೆಟ್ ತಗೊಂಡವರು ಬೇಕಾದ ಕಡೆ ನಿಂತು ಕೇಳಬಹುದು. ಹೊಸಬರು ಸಾಮಾನ್ಯವಾಗಿ ಮಧ್ಯಾಹ್ನವೇ ನುಡಿಸುತ್ತಾರೆ, ಹೆಸರು ಮಾಡಿದವರು ರಾತ್ರಿ ಕೊನೆಗೆ. ಪೋಸ್ಟರ್‌ನಲ್ಲೂ ಅದೇ ಲೆಕ್ಕ: ದೊಡ್ಡ ಅಕ್ಷರ ಮೇಲೆ, ಸಣ್ಣ ಅಕ್ಷರ ಕೆಳಗೆ.

ಇಂಡಿಪೆಂಡೆಂಟ್ ಅಂದ್ರೇನು?

ಸಿನಿಮಾ ಹಾಡಿಗೆ ನಿರ್ಮಾಪಕ ದುಡ್ಡು ಹಾಕ್ತಾನೆ, ಆಡಿಯೋ ಕಂಪನಿ ಹಕ್ಕು ಕೊಳ್ಳುತ್ತೆ. ಸನ್ನಿವೇಶಕ್ಕೆ ತಕ್ಕಂತೆ ಹಾಡು ಬರೆಸುತ್ತಾರೆ. ಇಂಡಿಪೆಂಡೆಂಟ್ ತಂಡದವರು ಹಾಡನ್ನು ತಾವೇ ಬರೆದು, ತಾವೇ ರಾಗ ಹಾಕ್ತಾರೆ. ರೆಕಾರ್ಡಿಂಗ್ ಖರ್ಚೂ ಹೆಚ್ಚಾಗಿ ಅವರದೇ. ಏನು ಹಾಡಬೇಕು ಅನ್ನೋ ತೀರ್ಮಾನ ಅವರ ಕೈಯಲ್ಲೇ ಇರುತ್ತೆ. ನಷ್ಟವಾದರೆ ಅದೂ ಅವರ ತಲೆ ಮೇಲೇ.

ಇನ್ನು ರಾಕ್. ಡ್ರಮ್ಸ್ ತಾಳ ಹಿಡಿಯುತ್ತೆ, ಬೇಸ್ ಗಿಟಾರ್ ಕೆಳಗಿನ ಸ್ವರದಲ್ಲಿ ಬುನಾದಿ ಹಾಕುತ್ತೆ, ಎಲೆಕ್ಟ್ರಿಕ್ ಗಿಟಾರ್ ಮೇಲೆ ಹಾಡುತ್ತೆ. ಆ ಗಿಟಾರ್‌ನ ಗರಗರ ಸದ್ದು ಸ್ಪೀಕರ್ ಕೆಟ್ಟು ಬಂದದ್ದಲ್ಲ, ಬೇಕಂತಲೇ ತಂದದ್ದು. ಈಗ ತಂಡಗಳನ್ನು ನೋಡೋಣ.

1. ರಘು ದೀಕ್ಷಿತ್ ಪ್ರಾಜೆಕ್ಟ್

ಮಾದಪ್ಪನ ಹೆಸರಿಟ್ಟುಕೊಂಡ 'ಸೈಕೋ' ಸಿನಿಮಾದ ಹಾಡು ಕೇಳದವರು ಕಡಿಮೆ. ಅದರ ಸಂಗೀತ ರಘು ದೀಕ್ಷಿತ್ ಅವರದು. ಮೈಸೂರಿನಲ್ಲಿ ಬೆಳೆದ ಇವರು ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. ತಂಡದ ಮೊದಲ ಆಲ್ಬಂ ಬಂದಿದ್ದು 2008ರಲ್ಲಿ. ಶಿಶುನಾಳ ಶರೀಫರ ಪದವನ್ನು ಗಿಟಾರ್ ಜೊತೆ ಹಾಡಿದ್ದು ಇದರ ವಿಶೇಷ. ಬಣ್ಣದ ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆ ಏರುತ್ತಾರೆ. 2011ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಗ್ಲಾಸ್ಟನ್‌ಬರಿ ಸಂಗೀತ ಹಬ್ಬದಲ್ಲೂ ಹಾಡಿ ಬಂದರು.

2. ಸ್ವರಾತ್ಮ

ಬೆಂಗಳೂರಿನ ಈ ತಂಡದ ಮುಖ್ಯ ಗಾಯಕ ವಾಸು ದೀಕ್ಷಿತ್, ರಘು ಅವರ ತಮ್ಮ. ನಮ್ಮ ಮೆರವಣಿಗೆಯ ಕೀಲುಕುದುರೆಯಂಥ ಕುದುರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ವೇದಿಕೆಯಲ್ಲಿ ಕುಣಿದು ಹೆಸರಾದವರು. ಗಿಟಾರ್, ಡ್ರಮ್ಸ್ ಜೊತೆಗೆ ಪಿಟೀಲೂ ಇರುತ್ತೆ. 2009ರ ಮೊದಲ ಆಲ್ಬಂನಲ್ಲಿ ಹಿಂದಿ ಹಾಡುಗಳ ಜೊತೆ 'ಈ ಭೂಮಿ' ಎಂಬ ಕನ್ನಡ ಹಾಡೂ ಇದೆ. ಅದೇ ಆಲ್ಬಂನ 'ಪ್ಯಾಸಿ' ಕಾವೇರಿ ನೀರಿನ ಜಗಳದ ಬಗ್ಗೆ. ಎರಡು ರಾಜ್ಯ ಕಿತ್ತಾಡುವಾಗ ನದಿಯ ಪಾಡೇನು ಅಂತ ಯೋಚಿಸಿದ ಹಾಡು.

3. ಇಂಡಿಯನ್ ಓಷನ್

1990ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಹಿರಿಯ ತಂಡ. ತಬಲಾ ಮತ್ತು ಗಿಟಾರ್ ಕೂಡಿಸಿದ ಇವರ ಶೈಲಿ ಮುಂದಿನ ಎಷ್ಟೋ ತಂಡಗಳಿಗೆ ದಾರಿ ತೋರಿಸಿತು. 2000ರಲ್ಲಿ ಬಂದ 'ಕಂದಿಸಾ' ಇವರ ಹೆಸರಾಂತ ಆಲ್ಬಂ. ಬೇಸ್ ಗಿಟಾರ್ ನುಡಿಸುವ ರಾಹುಲ್ ರಾಮ್ ಅಮೆರಿಕದಲ್ಲಿ ಪರಿಸರ ವಿಷಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಊರಿಗೆ ಬಂದು ನರ್ಮದಾ ಬಚಾವೋ ಚಳವಳಿಯಲ್ಲಿ ದುಡಿದವರು. ಇವರ 'ಮಾ ರೇವಾ' ಹಾಡಿನ ರೇವಾ ಬೇರಾರೂ ಅಲ್ಲ, ನರ್ಮದೆಯೇ. ತಂಡ ಕಟ್ಟಿದವರಲ್ಲಿ ಒಬ್ಬರಾದ ಅಶೀಮ್ ಚಕ್ರವರ್ತಿ 2009ರಲ್ಲಿ ತೀರಿಕೊಂಡರು. ಆದರೂ ತಂಡ ನಿಲ್ಲಲಿಲ್ಲ.

4. ಥರ್ಮಲ್ ಅಂಡ್ ಎ ಕ್ವಾರ್ಟರ್

ಹೆಸರು ವಿಚಿತ್ರ ಅಲ್ವಾ? ಶುರುವಿನಲ್ಲಿ ಇದ್ದದ್ದು ಮೂವರು ಮಲಯಾಳಿಗಳು, ಇನ್ನೊಬ್ಬ ಕಾಲು ಭಾಗ ಮಲಯಾಳಿ. 'ಥ್ರೀ ಮಲ್' ಅನ್ನೋದೇ ತಮಾಷೆಗೆ ಥರ್ಮಲ್ ಆಯಿತು. 1996ರಲ್ಲಿ ಬೆಂಗಳೂರಿನಲ್ಲಿ ಕಾಲೇಜು ಹುಡುಗರು ಕಟ್ಟಿದ ತಂಡ. ಹಾಡು ಇಂಗ್ಲಿಷ್, ಆದರೆ ವಿಷಯ ಹೆಚ್ಚಾಗಿ ಬೆಂಗಳೂರಿನ ಬದುಕು. ಗಾಯಕ ಮತ್ತು ಗಿಟಾರ್ ವಾದಕ ಬ್ರೂಸ್ ಲೀ ಮಣಿ. ಸಂಗೀತ ಕಲಿಸುವ ಶಾಲೆಯನ್ನೂ ಈ ತಂಡದವರು ತೆರೆದರು.

5. ಅಗಂ

ಕರ್ನಾಟಕ ಸಂಗೀತ ಮತ್ತು ರಾಕ್ ಎರಡನ್ನೂ ಒಂದೇ ಎಲೆಯಲ್ಲಿ ಬಡಿಸುವ ಬೆಂಗಳೂರಿನ ತಂಡ. ತ್ಯಾಗರಾಜರ ಕೃತಿಯನ್ನು ಡ್ರಮ್ಸ್ ಜೊತೆ ಹಾಡುತ್ತಾರೆ. ಗಾಯಕ ಹರೀಶ್ ಶಿವರಾಮಕೃಷ್ಣನ್ ವರ್ಷಗಟ್ಟಲೆ ಟೆಕ್ ಕಂಪನಿ ಕೆಲಸ ಮಾಡಿಕೊಂಡೇ ಹಾಡಿದವರು. ಮೊದಲ ಆಲ್ಬಂ 2012ರಲ್ಲಿ ಬಂತು. ಮನೆಯ ಹಿರಿಯರಿಗೆ ರಾಕ್ ಕೇಳಿಸಬೇಕು ಅಂದ್ರೆ ಇಲ್ಲಿಂದ ಶುರು ಮಾಡಿ.

ಇದರಿಂದ ಹೊಟ್ಟೆ ತುಂಬುತ್ತಾ?

ನ್ಯಾಯವಾದ ಪ್ರಶ್ನೆ. ಮೊಬೈಲ್‌ನಲ್ಲಿ ಹಾಡು ಕೇಳಿದರೆ ತಂಡಕ್ಕೆ ಸಿಗೋದು ಪೈಸೆ ಲೆಕ್ಕ. ಮುಖ್ಯ ಆದಾಯ ಕಾರ್ಯಕ್ರಮದ ಸಂಭಾವನೆ. ಜೊತೆಗೆ ಟೀ ಶರ್ಟ್ ಮಾರಾಟ, ಜಾಹೀರಾತಿಗೆ ಸಂಗೀತ, ಪಾಠ. ಮೇಲಿನ ತಂಡಗಳನ್ನೇ ನೋಡಿ: ಒಬ್ಬರು ಸಿನಿಮಾಕ್ಕೂ ಸಂಗೀತ ಕೊಟ್ಟರು, ಇನ್ನೊಬ್ಬರು ಶಾಲೆ ತೆರೆದರು, ಮತ್ತೊಬ್ಬರು ಆಫೀಸು ಬಿಡಲಿಲ್ಲ. ಹಾಗಾಗಿ ವೇದಿಕೆ ಸಿಗದಿದ್ದರೆ ತಂಡ ಉಳಿಯೋದು ಕಷ್ಟ.

ನಮ್ಮೂರ ಹುಡುಗರ ಕಥೆ ಇಲ್ಲೇ ಬರೋದು. ಹಬ್ಬದ ಸೀಸನ್‌ನಲ್ಲಿ ಕೀಬೋರ್ಡ್ ನುಡಿಸಿ, ಸೀಸನ್ ಮುಗಿದ ಮೇಲೆ ಅಂಗಡಿ, ಗ್ಯಾರೇಜ್ ಕೆಲಸಕ್ಕೆ ಹೋಗೋರು ಎಷ್ಟೋ ಜನ. ಅವರಲ್ಲಿ ಸ್ವಂತ ಹಾಡು ಕಟ್ಟಿದವರೂ ಇರುತ್ತಾರೆ. ಕೇಳುವವರಿಲ್ಲದೆ ಅದು ಮೊಬೈಲ್‌ನಲ್ಲೇ ಉಳಿದಿರುತ್ತೆ. ನಿಮ್ಮ ಬೀದಿಯ ಗಣೇಶೋತ್ಸವ ಸಮಿತಿಯವರು ಚಂದಾ ಕೇಳಲು ಅಂಗಡಿಗೆ ಬಂದಾಗ ಒಂದು ಮಾತು ಹೇಳಿ ನೋಡಿ: ಇಪ್ಪತ್ತು ಸಿನಿಮಾ ಹಾಡಿನ ನಡುವೆ ಒಂದು ಸ್ವಂತ ಹಾಡಿಗೂ ಜಾಗ ಇರಲಿ. ಐದು ನಿಮಿಷ ಸಾಕು. ಮೇಲೆ ಹೇಳಿದ ತಂಡಗಳ ಹಾಡನ್ನೂ ಮೊದಲ ಸಲ ಯಾರೋ ಹೀಗೇ ನಿಂತು ಕೇಳಿದ್ದರು.