ನಳನೂ ಗಂಡಸೇ, ಭೀಮನೂ ಗಂಡಸೇ! ಬ್ಯಾಚುಲರ್ ರೂಮಿನಲ್ಲಿ ರಾತ್ರಿಯೂಟ

ತೆರೆಯ ಮೇಲೆ ಹೀರೋ ಒಬ್ಬನೇ ಹತ್ತು ಮಂದಿಯನ್ನು ಹೊಡೆದುರುಳಿಸುತ್ತಾನೆ. ನಾವು ಶಿಳ್ಳೆ ಹಾಕುತ್ತೇವೆ, ಚಿಲ್ಲರೆ ಎರಚುತ್ತೇವೆ. ಸೆಕೆಂಡ್ ಶೋ ಮುಗಿದು ಹೊರಗೆ ಬಂದರೆ ಹೊಟ್ಟೆ ತಾಳ ಹಾಕುತ್ತಿರುತ್ತದೆ. ಹೋಟೆಲು ಬಾಗಿಲು ಹಾಕಿ ಅರ್ಧ ಗಂಟೆಯಾಗಿದೆ. ರೂಮಿನಲ್ಲಿ ಏನಿದೆ? ಕಪ್ಪಾದ ಒಂದು ಬಾಳೆಹಣ್ಣು, ಅರ್ಧ ಪ್ಯಾಕೆಟ್ ಬಿಸ್ಕತ್ತು, ಒಂದು ಲೋಟ ನೀರು! ಹತ್ತು ಮಂದಿಯನ್ನು ಹೊಡೆಯೋದು ಹಾಗಿರಲಿ ಗುರುವೇ, ಹತ್ತು ಮೆಟ್ಟಿಲು ಹತ್ತೋಕೂ ತ್ರಾಣ ಇರಲ್ಲ.

ಇದು ಯಾರ ಕಥೆ ಅಂತೀರಾ? ಊರು ಬಿಟ್ಟು ಬಂದು, ನಾಲ್ಕು ಜನ ಸೇರಿ ಒಂದು ರೂಮು ಹಿಡಿದು, ನಾಳೆ ಏನೋ ಆಗ್ತೀವಿ ಅಂತ ಕನಸು ಕಾಣುತ್ತಿರುವ ಎಲ್ಲ ಹುಡುಗರ ಕಥೆ. ಈ ವಾರ ನಾನು ಯಾವ ತಾರೆಯ ಮದುವೆಯ ಗುಟ್ಟನ್ನೂ ಹೇಳುವುದಿಲ್ಲ. ನಿಮ್ಮ ಹೊಟ್ಟೆಯ ಗುಟ್ಟನ್ನೇ ಹೇಳುತ್ತೇನೆ. ಪುಟ ತಿರುವಬೇಡಿ, ಸ್ವಲ್ಪ ತಾಳಿ!

ಸೌಟು ಹಿಡಿದ ಹೀರೋಗಳು

"ಅಡಿಗೆ ಹೆಂಗಸರ ಕೆಲಸ ಕಣೋ" ಅನ್ನುವ ಮೀಸೆ ಹುರಿಗಳಿಗೆ ನನ್ನ ಒಂದೇ ಪ್ರಶ್ನೆ. ಒಳ್ಳೆಯ ಊಟಕ್ಕೆ ನಾವು ಏನಂತೀವಿ? ನಳಪಾಕ, ಭೀಮಪಾಕ! ನಳ ಮಹಾರಾಜ ರಾಜ್ಯ ಕಳೆದುಕೊಂಡು ಬಾಹುಕನಾದಾಗ ಕೈ ಹಿಡಿದದ್ದರಲ್ಲಿ ಅಡಿಗೆಯೂ ಒಂದು. ಭೀಮಸೇನ ವಿರಾಟನ ಅರಮನೆಯಲ್ಲಿ ವಲಲನಾಗಿ ಒಂದು ವರ್ಷ ಸೌಟು ಹಿಡಿದ. ಅದೇ ಕೈಯಿಂದಲೇ ಕೀಚಕನನ್ನೂ ಮುಗಿಸಿದ. ಸೌಟು ಹಿಡಿದ ಮಾತ್ರಕ್ಕೆ ಗದೆಯ ಮರ್ಯಾದೆ ಕಡಿಮೆಯಾಯಿತೇನು?

ನಮ್ಮ ಅಣ್ಣಾವ್ರು ನಾಯಕರಾಗಿ ತೆರೆಗೆ ಬಂದದ್ದು 1954ರಲ್ಲಿ, ‘ಬೇಡರ ಕಣ್ಣಪ್ಪ’ದಲ್ಲಿ. ಕಣ್ಣಪ್ಪನ ಕಥೆ ಗೊತ್ತಲ್ಲ? ತಾನೇ ಬೇಯಿಸಿದ್ದನ್ನು ತಾನೇ ರುಚಿ ನೋಡಿ, ಚೆನ್ನಾಗಿದ್ದದ್ದನ್ನೇ ಶಿವನಿಗೆ ಬಡಿಸಿದವನು! ಉಣ್ಣುವವನ ಮೇಲೆ ಪ್ರೀತಿಯಿದ್ದರೆ ಬಡಿಸುವ ಮೊದಲು ರುಚಿ ನೋಡು: ಅಡಿಗೆಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ‘ಮಾಯಾಬಜಾರ್’ (1957) ಚಿತ್ರದಲ್ಲಿ ಘಟೋತ್ಕಚನಾದ ಎಸ್. ವಿ. ರಂಗರಾವ್ ಮದುವೆಯೂಟವನ್ನೆಲ್ಲ ಒಬ್ಬರೇ ಖಾಲಿ ಮಾಡುವ ದೃಶ್ಯಕ್ಕೆ ಇವತ್ತಿಗೂ ಜನ ಬಾಯಿ ಚಪ್ಪರಿಸುತ್ತಾರೆ. 2014ರಲ್ಲಿ ಪ್ರಕಾಶ್ ರೈ ಅವರ ‘ಒಗ್ಗರಣೆ’ಯಲ್ಲಿ ನಾಯಕ-ನಾಯಕಿಯರನ್ನು ಗಂಟು ಹಾಕಿದ್ದೇ ಊಟದ ಹುಚ್ಚು. 2020ರ ‘ಭೀಮಸೇನ ನಳಮಹಾರಾಜ’ದಲ್ಲಿ ನಾಯಕನೇ ಅಡಿಗೆಯವನು. ತೆರೆಯ ಮೇಲೆ ಚಪ್ಪಾಳೆ ತಟ್ಟುವ ನಾವು ರೂಮಿನಲ್ಲಿ ಒಲೆ ಹಚ್ಚೋಕೆ ನಾಚಿಕೊಳ್ಳೋದ್ಯಾಕೆ?

ಮಂಚದ ಕೆಳಗಿನ ಚೀಲ

ನಮ್ಮ ರೂಮಿನಲ್ಲಿ ನಾವು ನಾಲ್ವರು. ಮಂಡ್ಯ ಕಡೆಯವನು ಲೈಟ್ ವಿಭಾಗ. ಹಾವೇರಿಯವನು ಎಡಿಟಿಂಗ್ ರೂಮಿನ ಸಹಾಯಕ. ಕುಂದಾಪುರದವನು ಜೂನಿಯರ್ ಆರ್ಟಿಸ್ಟು. ನಾನು ಪತ್ರಿಕೆಗಳಿಗೆ ಬರೆಯುವವನು. ನಾಲ್ವರಿಗೂ ಮೂಲೆಯ ಮೆಸ್ಸೇ ಗತಿಯಾಗಿತ್ತು.

2020ರ ಮಾರ್ಚ್ ಬಂತು. ಥಿಯೇಟರುಗಳ ಬಾಗಿಲು ಬಿತ್ತು, ಶೂಟಿಂಗ್ ನಿಂತಿತು, 25ನೇ ತಾರೀಖಿನಿಂದ ದೇಶಕ್ಕೇ ಬೀಗ. ಮೆಸ್ಸಿನ ಯಜಮಾನರು ಊರಿಗೆ ಹೋಗಿಬಿಟ್ಟರು. ಮೂರು ತಿಂಗಳು ದುಡಿದ ಕೂಲಿ ಕೊಡಬೇಕಾಗಿದ್ದ ನಿರ್ಮಾಪಕರೊಬ್ಬರು ಫೋನು ಎತ್ತಲಿಲ್ಲ. ಕೈಯಲ್ಲಿದ್ದ ಕಾಸು ಎಣಿಸಿದರೆ ನಾಲ್ವರದೂ ಸೇರಿ ಒಂದು ವಾರಕ್ಕೂ ಸಾಲದು.

ಮಂಡ್ಯದವನಿಗೆ ಆಗ ನೆನಪಾಯಿತು. ಶಿವರಾತ್ರಿಗೆ ಊರಿಗೆ ಹೋಗಿದ್ದಾಗ ಅವನವ್ವ ಬಲವಂತವಾಗಿ ಹೊರಿಸಿ ಕಳಿಸಿದ್ದ ರಾಗಿಹಿಟ್ಟಿನ ಚೀಲ ಮಂಚದ ಕೆಳಗೇ ಬಿದ್ದಿತ್ತು! ಫೋನಿನಲ್ಲಿ ಅವ್ವನೇ ನಿರ್ದೇಶಕಿ. ಒಲೆಯ ಮುಂದೆ ನಾಲ್ಕು ಜನ ಹೊಸ ನಟರು. "ಕೋಲು ಗಟ್ಟಿಯಾಗಿ ಹಿಡ್ಕಳ್ಲಾ, ಸಡ್ಲ ಬುಟ್ಯಾ" ಅಂತ ಆ ಕಡೆಯಿಂದ ಆಕ್ಷನ್, ಕಟ್ ಎಲ್ಲ ಬರುತ್ತಿತ್ತು. ಅವತ್ತು ಹಚ್ಚಿದ ಒಲೆ ಇವತ್ತಿಗೂ ದಿನಾ ರಾತ್ರಿ ಉರಿಯುತ್ತಿದೆ.

ಮುದ್ದೆಯ ಫಾರ್ಮುಲಾ

ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಇಬ್ಬರಿಗೆ ಇದು ಸಾಕು. ತಣ್ಣೀರಿನಲ್ಲಿ ಒಂದು ಚಮಚ ಹಿಟ್ಟು ಕದಡಿ, ನೀರು ಕಾಯುವಾಗಲೇ ಅದನ್ನು ಹುಯ್ಯಿರಿ. ಇದು ಅಂಬಲಿಯಂತಾಗಿ ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಅವಸರಪಟ್ಟು ಕಲಸಬೇಡಿ! ಉರಿ ಸಣ್ಣ ಮಾಡಿ, ತಟ್ಟೆ ಮುಚ್ಚಿ, ಐದಾರು ನಿಮಿಷ ಹಿಟ್ಟು ಬೇಯಲಿ. ಆಮೇಲೆ ಕೋಲಿನಿಂದ ಒಂದೇ ಸಮನೆ ತಿರುವಿ. ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವಿದರೆ ಗಂಟು ಉಳಿಯುವುದಿಲ್ಲ. ಒದ್ದೆ ಕೈಗೆ ಅಂಟದಿದ್ದರೆ ಬೆಂದಿದೆ ಅಂತ ಲೆಕ್ಕ. ಒದ್ದೆ ಮಾಡಿದ ತಟ್ಟೆಯ ಮೇಲೆ ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿದಾಗ ದೊಡ್ಡ ಹೋಟೆಲುಗಳಲ್ಲೆಲ್ಲ ರಾಗಿಯ ಜಪ ಶುರುವಾಯಿತು. ಮಂಡ್ಯದವನು ನಕ್ಕುಬಿಟ್ಟ: "ನಮ್ಮವ್ವುಂಗೆ ದಿನಾ ಅದೇ ವರ್ಷ ಕಣಪ್ಪ!"

ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ

ಮುದ್ದೆಗೆ ಜೋಡಿ ಬಸ್ಸಾರು. ಬಸಿದ ಸಾರೇ ಬಸ್ಸಾರು. ಒಂದೇ ಪಾತ್ರೆಯಿಂದ ಸಾರೂ ಬರುತ್ತೆ, ಪಲ್ಯವೂ ಬರುತ್ತೆ. ಬ್ಯಾಚುಲರಿಗೆ ಇದಕ್ಕಿಂತ ಲಾಭದ ಅಡಿಗೆ ಉಂಟೇ?

ಒಂದು ಲೋಟ ತೊಗರಿಬೇಳೆಯನ್ನು ಧಾರಾಳ ನೀರಿನಲ್ಲಿ ಬೇಯಿಸಿ. ಬೆರಳಲ್ಲಿ ಹಿಸುಕಿದರೆ ಮುರಿಯಬೇಕು, ಕರಗಬಾರದು. ಆಗ ಒಂದು ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕಿ, ಉಪ್ಪು ಹಾಕಿ, ಐದು ನಿಮಿಷ ಕುದಿಸಿ. ನೀರನ್ನು ಇನ್ನೊಂದು ಪಾತ್ರೆಗೆ ಬಸಿಯಿರಿ. ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳು ಮೆಣಸು, ಒಂದು ಹಿಡಿ ಕಾಯಿತುರಿ, ಚೂರು ಹುಣಿಸೆಹಣ್ಣಿನ ಜೊತೆ ಬೆಂದ ಬೇಳೆ-ಸೊಪ್ಪು ಎರಡು ಚಮಚ ಸೇರಿಸಿ ರುಬ್ಬಿ. ಬಸಿದ ನೀರಿಗೆ ಕದಡಿ ಕುದಿಸಿದರೆ ಸಾರು ರೆಡಿ. ಉಳಿದ ಬೇಳೆ-ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ!

ಮಿಕ್ಸಿ ಇಲ್ಲವೇ? ಯೋಚನೆ ಬೇಡ. ಹಸಿಮೆಣಸಿನಕಾಯಿ ಸುಟ್ಟು, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಉಪ್ಪು, ಹುಣಿಸೆಹಣ್ಣು ಸೇರಿಸಿ ಕುಟ್ಟಿಡಿ. ಬಸಿದ ನೀರಿಗೆ ಬೇಕಾದಷ್ಟು ಕಲಸಿಕೊಂಡರೆ ಉಪ್ಪೆಸರು. ಖಾರ ಎಷ್ಟು ಬೇಕು ಅನ್ನುವುದು ಅವರವರ ಎದೆಗಾರಿಕೆಗೆ ಬಿಟ್ಟದ್ದು.

ಕುಂದಾಪುರದವನ ಸರದಿ ಬಂದರೆ ಕುಚ್ಚಲಕ್ಕಿ ಗಂಜಿ. ಈ ಅಕ್ಕಿ ಬೇಯೋದು ನಿಧಾನ, ಗ್ಯಾಸು ತಿನ್ನುತ್ತೆ. ಅವನ ಉಪಾಯ ಹೀಗಿದೆ. ಚೆನ್ನಾಗಿ ಕುದಿ ಬಂದ ಮೇಲೆ ಒಲೆ ಆರಿಸಿ, ಬಿಗಿಯಾಗಿ ಮುಚ್ಚಿಡೋದು. ಒಳಗಿನ ಬಿಸಿಯಲ್ಲೇ ಅಕ್ಕಿ ಅರಳಿಕೊಳ್ಳುತ್ತೆ. ಊಟಕ್ಕೆ ಮೊದಲು ಇನ್ನೊಂದು ಕುದಿ ಕೊಟ್ಟರೆ ಸಾಕು. ಜೊತೆಗೆ ಉಪ್ಪಿನಕಾಯಿ. ಅಷ್ಟೇ, ಸ್ವರ್ಗ!

ಹಾವೇರಿಯವನದು ಮೆಣಸಿನಕಾಯಿ ಖಾತೆ. ಬ್ಯಾಡಗಿ ಇರೋದು ಅವನ ಜಿಲ್ಲೆಯಲ್ಲೇ ಅಲ್ಲವೇ? "ಬ್ಯಾಡಗಿ ಬಣ್ಣಕ್ಕ, ಗುಂಟೂರು ಖಾರಕ್ಕ" ಅನ್ನೋದು ಅವನ ಸೂತ್ರ. ಎರಡನ್ನೂ ಬೆರೆಸಿದರೆ ಸಾರು ಈಸ್ಟ್‌ಮನ್ ಕಲರಿನಲ್ಲಿ ಹೊಳೆಯುತ್ತದೆ.

ಕೇಳಿಕೊಳ್ಳಿ, ಬರೆದುಕೊಳ್ಳಿ

ಬೇಳೆ ಬೇಯ್ತಿಲ್ಲ ಅಂತ ಗೋಳಾಡುವವರೇ, ಹುಣಿಸೆಹುಳಿ, ಟೊಮೇಟೋ ಮೊದಲೇ ಹಾಕಿದ್ದೀರಾ ನೋಡಿ. ಹುಳಿ ಸೇರಿದರೆ ಬೇಳೆ ಮೆತ್ತಗಾಗಲು ಮೊಂಡುಹಿಡಿಯುತ್ತದೆ. ಬೇಳೆ ಮೊದಲು, ಹುಳಿ ಆಮೇಲೆ. ಇನ್ನೊಂದು ಕಾರಣವೂ ಉಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರ. ಇಲ್ಲಿ ನೀರು 97 ಡಿಗ್ರಿಗೆಲ್ಲ ಕುದಿಯಲು ಶುರು. ಅದಕ್ಕೇ ಕರಾವಳಿಗಿಂತ ಇಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ತಡ. ಕುಕ್ಕರಿನ ಒಳಗೆ ಒತ್ತಡದಿಂದ ಬಿಸಿ 120 ಡಿಗ್ರಿಯವರೆಗೂ ಏರುತ್ತದೆ. ಬೇಳೆ ಶರಣಾಗತಿ!

ಸಾರಿಗೆ ಉಪ್ಪು ಹೆಚ್ಚಾಯಿತೇ? ಆಲೂಗಡ್ಡೆ ಹಾಕಿದರೆ ಉಪ್ಪು ಹೀರುತ್ತೆ ಅನ್ನೋದನ್ನು ಬಹಳ ನಂಬಬೇಡಿ. ನೀರು, ಬೆಂದ ಬೇಳೆ ಹೆಚ್ಚಿಸಿ, ಸಾರನ್ನೇ ದೊಡ್ಡದು ಮಾಡಿ. ಪಕ್ಕದ ರೂಮಿನವರನ್ನು ಊಟಕ್ಕೆ ಕರೆಯಿರಿ!

ಒಗ್ಗರಣೆ ಅಂದರೆ ಅಡಿಗೆಯ ಹಿನ್ನೆಲೆ ಸಂಗೀತ. ಎಣ್ಣೆ ಕಾಯುವ ಮೊದಲು ಸಾಸಿವೆ ಹಾಕಿದರೆ ರಾಗ ಏಳುವುದಿಲ್ಲ. ಸಾಸಿವೆ ಚಟಪಟ ಸಿಡಿದ ಮೇಲೆ ಇಂಗು, ಕೊನೆಗೆ ಕರಿಬೇವು. ಕರಿಬೇವಿನ ನೀರು ಒರೆಸಿ ಹಾಕಿ, ಇಲ್ಲದಿದ್ದರೆ ಎಣ್ಣೆ ಮುಖಕ್ಕೇ ಫೈಟಿಂಗಿಗೆ ಬರುತ್ತದೆ.

ಅನ್ನದ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ರಾತ್ರಿ ಉಳಿದ ಅನ್ನವನ್ನು ಹಾಗೇ ಹೊರಗಿಟ್ಟು ಬೆಳಿಗ್ಗೆ ಚಿತ್ರಾನ್ನ ಕಲಸೋದು ನಮ್ಮೆಲ್ಲರ ಅಭ್ಯಾಸ. ಆದರೆ ಅನ್ನದಲ್ಲಿರುವ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜಗಳು ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಿಷ ಕಾರುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಫ್ರಿಜ್ ಇದ್ದರೆ ಎರಡು ಗಂಟೆಯೊಳಗೆ ಒಳಗಿಡಿ. ಇಲ್ಲದಿದ್ದರೆ ಉಳಿಯದಷ್ಟೇ ಅಕ್ಕಿ ಹಾಕಿ. ಲೋಟದ ಲೆಕ್ಕ ಇರುವುದೇ ಅದಕ್ಕೆ.

ಇನ್ನು ಗ್ಯಾಸು. ಬಾಡಿಗೆ ಹುಡುಗರಿಗೆಂದೇ 5 ಕಿಲೋದ ಸಣ್ಣ ಸಿಲಿಂಡರು ಕಂಪನಿಯ ಏಜೆನ್ಸಿಯಲ್ಲೇ ಸಿಗುತ್ತದೆ. ನಾಲ್ಕು ಕಾಸು ಉಳಿಯುತ್ತೆ ಅಂತ ದೊಡ್ಡದರಿಂದ ಸಣ್ಣದಕ್ಕೆ ಕದ್ದು ತುಂಬಿಸುವವರ ಹತ್ತಿರ ಮಾತ್ರ ಹೋಗಬೇಡಿ. ಅಲ್ಲಿ ರೀಟೇಕ್ ಇಲ್ಲ! ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ವಾಸನೆ ಬಂದರೆ ಸ್ವಿಚ್ಚು ಮುಟ್ಟಬೇಡಿ. ಬಾಗಿಲು, ಕಿಟಕಿ ತೆರೆದು ಹೊರಗೆ ನಡೆಯಿರಿ.

ಲೆಕ್ಕ ಪಕ್ಕಾ

ನಮ್ಮ ರೂಮಿನ ಲೆಕ್ಕ ಹೀಗಿದೆ. ನಾಲ್ವರ ಬಸ್ಸಾರು, ಮುದ್ದೆ, ಸ್ವಲ್ಪ ಅನ್ನ, ಮಜ್ಜಿಗೆಗೆ ಗ್ಯಾಸೂ ಸೇರಿ ತಲೆಗೆ ನಲವತ್ತು ರೂಪಾಯಿ ದಾಟುವುದಿಲ್ಲ. ಅದೇ ಊಟಕ್ಕೆ ನಮ್ಮ ಬೀದಿಯ ಹೋಟೆಲಿನಲ್ಲಿ ನೂರರ ನೋಟು ಹೋಗಿ ಚಿಲ್ಲರೆ ಬರುವುದೇ ಅನುಮಾನ. ತಿಂಗಳಿಗೆ ಉಳಿಯುವುದರಲ್ಲಿ ಊರಿಗೆ ಕಳಿಸೋಕೂ ಸಾಕು, ಮೊದಲ ದಿನದ ಮೊದಲ ಆಟಕ್ಕೂ ಸಾಕು!

ರೂಮಿಗೆ ಮೂರು ಕಾನೂನು. ಒಂದು, ಅಡಿಗೆ ಮಾಡಿದವನು ಪಾತ್ರೆ ತೊಳೆಯುವಂತಿಲ್ಲ. ಎರಡು, ಶೂಟಿಂಗು ಮುಗಿಸಿ ಎಷ್ಟು ಹೊತ್ತಿಗೆ ಬಂದರೂ ಅವನ ಪಾಲು ಮುಚ್ಚಿಟ್ಟಿರಬೇಕು. ಮೂರು, ಈ ತಿಂಗಳು ಯಾರ ಕೈಯಲ್ಲಿ ಕಾಸಿಲ್ಲವೋ ಅವನನ್ನು ಯಾರೂ ಕೇಳುವಂತಿಲ್ಲ. ಊಟ ಎಲ್ಲರಿಗೂ ಸಮ. ಈ ಮೂರನೆಯ ಕಾನೂನಿನಿಂದ ಉಳಿದವರೇ ನಾವು ನಾಲ್ವರೂ. ಇಲ್ಲದಿದ್ದರೆ ಯಾವತ್ತೋ ಒಬ್ಬೊಬ್ಬರೇ ಬಸ್ಸು ಹತ್ತಿ ಊರು ಸೇರುತ್ತಿದ್ದೆವು.

ಅವಾರ್ಡು ಅಂದ್ರೆ ಇದು!

2021ರಲ್ಲಿ ಎರಡನೆಯ ಅಲೆ ಬಂತಲ್ಲ, ಮಂಡ್ಯದವನ ಅವ್ವನಿಗೂ ಸೋಂಕು ತಗುಲಿತು. ಮನೆಯಲ್ಲೇ ಬೇರೆ ಕೋಣೆ. ಅಪ್ಪನಿಗೆ ಒಲೆ ಹಚ್ಚಿ ಗೊತ್ತಿಲ್ಲ. ಇವನು ಹೇಗೋ ಊರು ಸೇರಿ ಅಡಿಗೆಮನೆಗೆ ಇಳಿದ. ದಿನಾ ರಾತ್ರಿ ಮುದ್ದೆ, ಉಪ್ಪೆಸರು ಮಾಡಿ ಬಾಗಿಲ ಹತ್ತಿರ ಇಟ್ಟು ದೂರ ನಿಲ್ಲುತ್ತಿದ್ದ. ಅವ್ವನಿಗೆ ನಾಲಗೆಯ ರುಚಿಯೇ ಹೋಗಿತ್ತು. "ಏನೂ ಗೊತ್ತಾಯ್ತಿಲ್ಲ ಕಣ್ಲಾ, ಮಗ ಮಾಡವ್ನೆ ಅಂತ ಉಣ್ತಿವ್ನಿ" ಅನ್ನುತ್ತಿದ್ದರಂತೆ.

ಒಂಬತ್ತನೆಯ ದಿನ ಒಳಗಿನಿಂದ ಬೈಗುಳ ಬಂತು: "ಏನ್ಲಾ ಇದು, ಉಪ್ಪು ಹಿಂಗ್ ಸುರ್ದಿದ್ದೀಯೆ!"

ಇವನು ಬಾಗಿಲಲ್ಲೇ ಕೂತು ಗಳಗಳ ಅತ್ತುಬಿಟ್ಟನಂತೆ. ಅವ್ವನಿಗೆ ರುಚಿ ವಾಪಸ್ಸು ಬಂದಿತ್ತು! "ಲೇ, ನೂರು ದಿನ ಓಡಿದ ಪಿಚ್ಚರಿಗೆ ಲೈಟು ಹಿಡಿದಿದ್ದೀನಿ. ಆ ಬೈಗುಳದಂಥ ಅವಾರ್ಡು ಯಾವುದೂ ಇಲ್ಲ" ಅಂತ ಅವನು ಇವತ್ತಿಗೂ ಹೇಳುತ್ತಾನೆ.

ಇಪ್ಪತ್ತೆಂಟು ವರ್ಷವಾದರೂ ಅಮ್ಮನಿಗೆ ಒಂದು ಹೊತ್ತು ಬಡಿಸಿ ಗೊತ್ತಿಲ್ಲದ ಗಂಡುಮಕ್ಕಳು ನಮ್ಮಲ್ಲಿ ಎಷ್ಟು ಜನ? ಎದೆ ಮುಟ್ಟಿಕೊಂಡು ಹೇಳಿ.

ಇನ್ನೇನು, ನಿಮ್ಮ ಬಸ್ಸು ಬಂತು ಅಂತ ಕಾಣುತ್ತೆ! ಸೀಟು ಹಿಡಿಯಿರಿ, ಪತ್ರಿಕೆ ಮಡಚಿ ಜೇಬಿಗಿಡಿ. ಇಳಿದ ಕೂಡಲೇ ಒಂದು ಕಟ್ಟು ದಂಟಿನ ಸೊಪ್ಪು, ಅರ್ಧ ಕಿಲೋ ಬೇಳೆ ತಗೊಳ್ಳಿ. ಇವತ್ತು ರಾತ್ರಿ ನಿಮ್ಮ ರೂಮಿನಲ್ಲೇ ನೀವೇ ಹೀರೋ. ಏನಂತೀರಿ?