ಎಂಜಿನ್ ಸೊನ್ನೆ ಅಂದರೂ ಸೋತ ಆಟ

ಕಳೆದ ವಾರ ಲಂಡನ್ ಪಕ್ಕದ ನಮ್ಮ ಚೆಸ್ ಕ್ಲಬ್ಬಿನ ಲೀಗ್‌ನಲ್ಲಿ ನಮ್ಮಲ್ಲೊಬ್ಬರು ಸೋತರು. ಮನೆಗೆ ಬಂದು ಆಟವನ್ನು ಸ್ಟಾಕ್‌ಫಿಶ್‌ಗೆ ಹಾಕಿ ನೋಡಿದೆವು.

ಕೊನೆಗೆ ಉಳಿದದ್ದು ಐದೇ ಕಾಯಿ. ಬಿಳಿಗೆ ರಾಜ, ಎಚ್7ರಲ್ಲಿ ಆನೆ, ಇ5ರಲ್ಲಿ ಕಾಲಾಳು. ಕಪ್ಪು ಕಾಯಿಯ ನಮ್ಮವರಿಗೆ ಇ8ರಲ್ಲಿ ರಾಜ, ಜೊತೆಗೊಂದು ಆನೆ. ಇದನ್ನು ಡ್ರಾ ಮಾಡೋದು ಹೇಗೆ ಅಂತ ಫ್ರಾನ್ಸಿನ ಫಿಲಿಡೋರ್ 1777ರಲ್ಲೇ ಬರೆದಿಟ್ಟಿದ್ದಾರೆ: ಆನೆಯನ್ನು ನಮ್ಮ ಕಡೆಯಿಂದ ಮೂರನೇ ಸಾಲಲ್ಲಿ ನಿಲ್ಲಿಸಿ ಎದುರಾಳಿ ರಾಜನನ್ನು ತಡೀಬೇಕು. ಕಾಲಾಳು ಆ ಸಾಲಿಗೆ ಬಂದ ಮೇಲಷ್ಟೇ ಆನೆ ಬೋರ್ಡಿನ ಆ ತುದಿಗೆ ಹೋಗಿ ಚೆಕ್ ಕೊಡಬೇಕು. ಆಗ ರಾಜನಿಗೆ ಅಡಗೋಕೆ ಜಾಗ ಇರಲ್ಲ.

ಗಡಿಯಾರದಲ್ಲಿ ಉಳಿದಿದ್ದು ಒಂದು ನಿಮಿಷ. ನಮ್ಮವರು ಆನೆಯನ್ನು ಮೊದಲೇ ಇಳಿಸಿ, ಡಿ1ರಿಂದ ಚೆಕ್ ಕೊಟ್ಟರು. ಬಿಳಿ ರಾಜ ಇ6ಕ್ಕೆ ಬಂದು ಕೂತ. ಮುಂದಿನ ನಡೆಗೇ ಚೆಕ್‌ಮೇಟ್! ತಮಾಷೆ ಅಂದ್ರೆ, ಆಗಲೂ ಎಂಜಿನ್ ತೋರಿಸೋದು ಸೊನ್ನೆಯನ್ನೇ. ರಾಜ ಎಫ್8ಕ್ಕೆ, ಅಂದ್ರೆ ಕಾಲಾಳಿನಾಚೆ ಮೂರೇ ಮನೆ ಇರೋ ಗಿಡ್ಡ ಬದಿಗೆ ಸರಿದಿದ್ದರೆ, ಉದ್ದ ಬದಿ ಆನೆಯ ಓಡಾಟಕ್ಕೆ ಖಾಲಿ ಇರುತ್ತಿತ್ತು. ನಮ್ಮವರು ಡಿ8ಕ್ಕೆ ಓಡಿದರು. ಅಲ್ಲಿಗೆ ಕಥೆ ಮುಗೀತು.

ಎಂಜಿನ್ ಲೆಕ್ಕದಲ್ಲಿ ತಪ್ಪು ಅದೊಂದೇ. ನಮಗೆ ಹಾಗನ್ನಿಸಲ್ಲ. ಸೊನ್ನೆ ಅಂದ್ರೆ ಇಬ್ಬರೂ ಸರಿಯಾಗಿ ಆಡಿದರೆ ಡ್ರಾ, ಅಷ್ಟೇ. ಆ ಡ್ರಾ ಎಷ್ಟು ಕಷ್ಟದ್ದು ಅಂತ ಅದು ಹೇಳಲ್ಲ. ಆನೆ ಮೂರನೇ ಸಾಲಲ್ಲಿದ್ದಾಗ ಅದನ್ನು ಅಲ್ಲೇ ಅತ್ತಿತ್ತ ಸರಿಸಿದರೂ ಸಾಕಿತ್ತು. ರಾಜ ಇ6ಕ್ಕೆ ಬಂದ ಮೇಲೆ ಉಳಿಸೋ ನಡೆ ಒಂದೇ ಒಂದು.

ಮುಂದಿನ ಮಂಗಳವಾರ ಅದೇ ಎದುರಾಳಿ ಜೊತೆ ಮತ್ತೆ ಆಟ ಇದೆ.